ಪದ ಪರಿಚಯ: ರಾಶಿ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ‘ಇವತ್ತು ರಾಶಿ ಎಷ್ಟು?’ ಅಂದರೆ ಕ್ವಿಂಟಾಲಿನ ದರ ಕೇಳುತ್ತಿದ್ದಾರೆ ಎಂದರ್ಥ. ಬೆಟ್ಟೆ, ಸರಕು, ಗೊರಬಲು ಇದ್ದ ಹಾಗೆ ರಾಶಿಯೂ ಅಡಿಕೆಯ ಒಂದು ಬಗೆ. ವಿಜ್ಞಾನದ ಪಾಠದ ರಾಶಿ ಬೇರೆ: ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಅದನ್ನು ಭೂಮಿ ಎಳೆಯುವ ಬಲವೇ ತೂಕ. ಅಡಿಕೆ ಮೂಟೆಯನ್ನು ಚಂದ್ರನಿಗೆ ಒಯ್ದರೆ ತೂಕ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ, ರಾಶಿ ಇದ್ದಷ್ಟೇ ಇರುತ್ತದೆ.

ಈ ರಾಶಿಗೆ ಎರಡು ಕೆಲಸ. ಒಂದನ್ನು ನೆನಪಿಟ್ಟು ಇನ್ನೊಂದನ್ನು ಮರೆತಾಗಲೇ ‘ಭಾರದ್ದು ಬೇಗ ಬೀಳುತ್ತದೆ’ ಅನ್ನಿಸುವುದು.

ನಲವತ್ತಡಿ ಮರದ ತುದಿಯಿಂದ ಹತ್ತು ಕಿಲೋದ ಕೊನೆಯೂ (ಅಡಿಕೆಯ ಗೊಂಚಲು) ನಲವತ್ತು ಗ್ರಾಮಿನ ಒಂಟಿ ಹಣ್ಣಡಿಕೆಯೂ ಒಟ್ಟಿಗೇ ಕಳಚಿದವೆನ್ನಿ. ಗಾಳಿಯ ಮಾತು ಆಮೇಲೆ. ಭೂಮಿ ಕೊನೆಯನ್ನು 250 ಪಟ್ಟು ಜೋರಾಗಿ ಎಳೆಯುತ್ತದೆ, ನಿಜ. ಆದರೆ ಇದ್ದಲ್ಲಿಂದ ಕದಲದಿರುವ ಹಟವೂ ಆ ಕೊನೆಗೆ 250 ಪಟ್ಟು. ಈ ಹಟಕ್ಕೆ ಜಡತ್ವ ಎಂದು ಹೆಸರು. ಎಳೆತ ಏರಿದಷ್ಟೇ ಹಟವೂ ಏರುವುದರಿಂದ ಎರಡರ ವೇಗವೂ ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆಯೇ ಹೆಚ್ಚುತ್ತದೆ. ಸುಮಾರು 1.6 ಸೆಕೆಂಡಿನಲ್ಲಿ ಎರಡೂ ನೆಲದ ಮೇಲೆ. (ಮರದ ಬುಡದಲ್ಲಿ ನಿಂತು ಪರೀಕ್ಷಿಸಲು ಹೋಗಬೇಡಿ.)

ಲೆಕ್ಕ ಬೇಡವೇ? ಕೊನೆ ಎಂದರೆ ಒಂದೇ ದಂಟಿಗೆ ಅಂಟಿಕೊಂಡ ನೂರಾರು ಅಡಿಕೆ ತಾನೇ. ಬಿಡಿಬಿಡಿಯಾಗಿ ಉದುರಿದಾಗ ಜೊತೆಯಲ್ಲೇ ಬೀಳುವ ಕಾಯಿಗಳು, ದಂಟಿನಲ್ಲಿವೆ ಅಂದ ಮಾತ್ರಕ್ಕೆ ಯಾಕೆ ಅವಸರ ಮಾಡಬೇಕು? 1638ರಲ್ಲಿ ಅಚ್ಚಾದ ಬರಹವೊಂದರಲ್ಲಿ ಗೆಲಿಲಿಯೋ ದೊಡ್ಡ ಕಲ್ಲಿಗೆ ಚಿಕ್ಕ ಕಲ್ಲನ್ನು ಜೋಡಿಸಿ ಹೆಚ್ಚುಕಡಿಮೆ ಇದೇ ತರ್ಕ ಹೂಡಿದ್ದ. ನನಗಂತೂ ಸೂತ್ರಕ್ಕಿಂತ ಇದೇ ಹೆಚ್ಚು ಹಿಡಿಸುತ್ತದೆ.

ಒಣಗಿದ ಹಲಸಿನೆಲೆ ಮಾತ್ರ ಓಲಾಡುತ್ತ ಇಳಿಯುತ್ತದಲ್ಲ? ಅದು ಗಾಳಿಯ ತಡೆ. ಗಾಳಿಯಿಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಜೊತೆಯಲ್ಲೇ ನೆಲ ಮುಟ್ಟಿದವು.

ಈ ತಡೆ ಇಲ್ಲದಿದ್ದರೆ ಆಗುಂಬೆಯಲ್ಲಿ ಮಳೆಗಾಲ ಕಳೆಯುವ ಹಾಗೇ ಇರಲಿಲ್ಲ. ಎರಡು ಕಿಲೋಮೀಟರ್ ಮೇಲಿನ ಮೋಡದಿಂದ ಹೊರಟ ಹನಿ ಗಂಟೆಗೆ 700 ಕಿ.ಮೀ. ವೇಗದಲ್ಲಿ ಹೆಂಚಿಗೆ ಬಡಿಯುತ್ತಿತ್ತು. ಈಗ ದಪ್ಪ ಹನಿಯೂ 30 ಕಿ.ಮೀ. ಆಸುಪಾಸಿನಲ್ಲೇ ಬೀಳುತ್ತದೆ. ಗಾಳಿ ನಡುವೆ ಬಂದಾಗ ದೊಡ್ಡ ಹನಿಗೇ ಮೇಲುಗೈ. ಸೋನೆಯ ಹನಿ ಇನ್ನೂ ನಿಧಾನ.