ಮಗುವಿಗೆ ತಾಯಿ ಕಾರ್ಡ್ ಇದೆ, ಅಜ್ಜಿಗೆ?

ನಮ್ಮಲ್ಲಿ ಲಸಿಕೆ ಅಂದರೆ ಮಕ್ಕಳ ವಿಷಯ ಎಂದೇ ರೂಢಿ. 1978ರಲ್ಲಿ ಶುರುವಾಗಿ 1985ರಲ್ಲಿ ಸಾರ್ವತ್ರಿಕವಾದ ಸರ್ಕಾರಿ ಲಸಿಕಾ ಕಾರ್ಯಕ್ರಮ ಹಸುಗೂಸು, ಗರ್ಭಿಣಿಯರನ್ನು ನೋಡಿ ಕಟ್ಟಿದ್ದು. ಫ್ಯಾಮಿಲಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಡಿಎನ್‌ಬಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ತರಬೇತಿ) ಓದುವ ಕಿರಿಯ ವೈದ್ಯರ ಕೈ ಲಸಿಕೆಗೆ ಪಳಗುವುದೂ ಹೆಚ್ಚಾಗಿ ಮಕ್ಕಳ ವಿಭಾಗದ ಪೋಸ್ಟಿಂಗ್‌ನಲ್ಲೇ. 2017ರಿಂದ ಹಂತಹಂತವಾಗಿ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾವನ್ನು ತಡೆಯುವ ನ್ಯುಮೋಕಾಕಲ್ ಲಸಿಕೆ ಕೂಸುಗಳಿಗೆ ಉಚಿತವಾಯಿತು. ಅಜ್ಜ ಅಜ್ಜಿ ಸಾಮಾನ್ಯವಾಗಿ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. 2021ರ ಮಾರ್ಚ್ 1ರಂದು ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ತೆರೆದಾಗ ಹಿರಿಯರು ಸಾಲುಗಟ್ಟಿ ಬಂದರು. ಹೇಳುವವರಿದ್ದರೆ ಬರುತ್ತಾರೆ ಅನ್ನುವುದು ಅಲ್ಲೇ ಗೊತ್ತಾಯಿತು.

ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳಿಗೊಮ್ಮೆ ಬರುವ ಹಿರಿಯರಿಗೆ ಮಾತೆತ್ತಬೇಕಾದವರು ಈ ಕಿರಿಯ ವೈದ್ಯರೇ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ಕರ್ನಾಟಕದಲ್ಲಿ ಮಳೆಗಾಲಕ್ಕೆ ಫ್ಲೂ ಏರುತ್ತದೆ, ಲಸಿಕೆ ಹಿಡಿಯಲು ಎರಡು ವಾರ ಬೇಕು. ಆದ್ದರಿಂದ ಮೇ ತಿಂಗಳೇ ಸರಿ. ನ್ಯುಮೋಕಾಕಲ್‌ನಲ್ಲಿ ಎಡವುವುದು ಕ್ರಮದಲ್ಲಿ: ಮೊದಲು ಈ ಬ್ಯಾಕ್ಟೀರಿಯಾದ 13 ಬಗೆಗಳನ್ನು ತಡೆಯುವ ಕಾಂಜುಗೇಟ್ (ಪ್ರೋಟೀನ್ ಜೋಡಿಸಿದ ಲಸಿಕೆ), ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು 23 ಬಗೆಯ, ಪ್ರೋಟೀನ್ ಜೋಡಿಸದ ಲಸಿಕೆ. 20 ಬಗೆಯ ಕಾಂಜುಗೇಟ್ ಹಾಕಿದರೆ ಒಂದೇ ಡೋಸ್ ಸಾಕು.

ಸರ್ಪಸುತ್ತಿನ ರಿಕಾಂಬಿನೆಂಟ್ (ಜೀವಂತ ವೈರಸ್ ಇಲ್ಲದ) ಲಸಿಕೆಗೆ ಎರಡು ವಯಲ್, ಅಂದರೆ ಪುಟ್ಟ ಸೀಸೆ, ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ. ದ್ರವವನ್ನೆಲ್ಲ ಪುಡಿಗೆ ಸೇರಿಸಿ, ಮೆಲ್ಲಗೆ ತಿರುಗಿಸಿ ಕರಗಿಸಿ, 0.5 ಮಿ.ಲೀ. ಕೊಡಬೇಕು. ಅವಸರದಲ್ಲಿ ಬರೀ ದ್ರವ ಚುಚ್ಚಿದರೆ ರಕ್ಷಣೆ ಸಿಗದು. ಎರಡನೇ ಡೋಸ್ ಎರಡರಿಂದ ಆರು ತಿಂಗಳೊಳಗೆ. ತೋಳುನೋವು, ಒಂದೆರಡು ದಿನದ ಜ್ವರ ಬರಬಹುದೆಂದು ಮೊದಲೇ ಹೇಳದಿದ್ದರೆ ಎಷ್ಟೋ ಜನ ಎರಡನೆಯದಕ್ಕೆ ಮರಳುವುದೇ ಇಲ್ಲ.

ನಮ್ಮ ದೃಷ್ಟಿಯಲ್ಲಿ ಕಲಿಸಲೇಬೇಕಾದದ್ದು ತೋಳಿನ ಜಾಗ. ನಾಚಿಕೆಗೋ ಚಳಿಗೋ ಅಂಗಿಯ ಕೊರಳುಪಟ್ಟಿಯನ್ನಷ್ಟೇ ಜಾರಿಸಿದರೆ ಸೂಜಿ ತೀರ ಮೇಲೆ ಹೋಗಿ ಭುಜದ ಕೀಲಿನ ಬಳಿಯ ದ್ರವದ ಚೀಲಕ್ಕೆ ತಗಲಬಹುದು; ಹಾಗಾದರೆ ತಿಂಗಳುಗಟ್ಟಲೆ ಕೈ ಎತ್ತಲಾಗದೆ ಹೋಗಬಹುದು. ತೋಳು ಪೂರ್ತಿ ಬಿಡಿಸಿ, ವೈದ್ಯರು, ಹಿರಿಯರು ಇಬ್ಬರೂ ಕುಳಿತು, ಭುಜದ ಎಲುಬಿನ ಅಂಚಿನಿಂದ ಎರಡು ಮೂರು ಬೆರಳು ಕೆಳಗೆ ನೇರವಾಗಿ ಚುಚ್ಚಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ 23 ಗೇಜ್ (ಸೂಜಿಯ ದಪ್ಪದ ಅಳತೆ) ಅಥವಾ ಇನ್ನೂ ತೆಳುವಾದ ಸೂಜಿ. ಆಮೇಲೆ ತಿಕ್ಕದೆ ಎರಡು ನಿಮಿಷ ಒತ್ತಿ ಹಿಡಿಯಬೇಕು.

ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರ್ ಪಕ್ಕ ತಳ್ಳಿಟ್ಟ ಕಾಂಜುಗೇಟ್ ಲಸಿಕೆ ಹೆಪ್ಪುಗಟ್ಟಿದರೆ ಎಸೆಯಬೇಕು, ಕರಗಿಸಿ ಕೊಡುವಂತಿಲ್ಲ. ಹಿರಿಯರಿಗೆ ತಾಯಿ ಕಾರ್ಡ್‌ನಂಥದ್ದು ಇಲ್ಲವಾದ್ದರಿಂದ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಯಾವ ತೋಳು, ಮುಂದಿನ ತಾರೀಕು ಇಷ್ಟನ್ನೂ ಅವರ ಬಿಪಿ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಡಿ. ಮಾತ್ರೆ ತರಲು ಬರುವಾಗ ಅದನ್ನಂತೂ ಅವರು ಮರೆಯದೆ ತರುತ್ತಾರೆ.