ಚಕ್ರಬಡ್ಡಿಯ ಹಗ್ಗ

ಆಯುಧಪೂಜೆ ಮುಗಿದ ವಾರ ಪೀಣ್ಯದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ರಿಪೇರಿಗೆ ಬಂದ, ಡ್ರಮ್ ತಿರುಗಿಸಿ ಹಗ್ಗ ಎಳೆಯುವ ವಿಂಚ್ ಯಂತ್ರವೊಂದು ಮೈತುಂಬ ಅರಿಶಿನ-ಕುಂಕುಮ ಬಳಿದುಕೊಂಡು, ನಿಂಬೆಹಣ್ಣಿನ ಸರ ಹಾಕಿಕೊಂಡು ಕೂತಿತ್ತು. ಕರಾವಳಿಯಲ್ಲಿ ಅಲೆತಡೆಗೋಡೆ ಕಟ್ಟುವ ಬಾರ್ಜಿನದಂತೆ, ಅಂದರೆ ಭಾರ ಹೊರುವ ಚಪ್ಪಟೆ ತಳದ ದೋಣಿಯದು. ಅದರ ಜೊತೆ ಬಂದಿದ್ದವರ ಬಲಗೈಯಲ್ಲಿ ಎರಡು ಬೆರಳಿಲ್ಲ. "ಗ್ರಹಚಾರ ಸಾರ್, ಅವತ್ತು ಅಮಾವಾಸ್ಯೆ" ಅಂದರು.

ಅಮಾವಾಸ್ಯೆಗೆ ಉಬ್ಬರವಿಳಿತ ಜೋರು; ಚಂದ್ರನ ಪಾತ್ರ ಅಷ್ಟರ ಮಟ್ಟಿಗೆ ಒಪ್ಪಿದೆ. ಬೆರಳು ತಿಂದದ್ದು ಗಣಿತ.

ತಿರುಗುವ ಡ್ರಮ್ಮಿಗೆ ಹಗ್ಗವನ್ನು ಮೂರು ಸುತ್ತು ಹಾಕಿ ತುದಿ ಹಿಡಿದು ನಿಂತರೆ ಆಚೆ ಕಡೆ ಭಾರೀ ಲಂಗರೂ ಎದ್ದು ಬರುತ್ತದೆ. ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಒಂದೇ ಕೈಯಲ್ಲಿ ತಡೆಯುವ ರೈತನ ಉಪಾಯವೂ ಇದೇ. ಹಗ್ಗದ ಒಂದೊಂದು ಅಂಗುಲವೂ ಹಿಂದಿನ ಅಂಗುಲದ ಎಳೆತವನ್ನು ಘರ್ಷಣೆಯಿಂದ ಗುಣಿಸುತ್ತ ಹೋಗುತ್ತದೆ, ಬಡ್ಡಿಗೆ ಬಡ್ಡಿ ಸೇರಿದ ಹಾಗೆ. ಚಕ್ರಬಡ್ಡಿ ಎಂಬ ಮಾತು ಅಕ್ಷರಶಃ ಸಲ್ಲುವುದು ಇಲ್ಲೇ. 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದರ ಸೂತ್ರ ಬರೆದ. ಘರ್ಷಣಾಂಕ (ಹಗ್ಗ ಡ್ರಮ್ಮನ್ನು ಎಷ್ಟು ಕಚ್ಚಿ ಹಿಡಿಯುತ್ತದೆ ಎಂಬ ಅಳತೆ) 0.3 ಇದ್ದರೆ ಎಳೆತ ಒಂದು ಸುತ್ತಿಗೆ ಸುಮಾರು 6.6 ಪಟ್ಟು, ಎರಡಕ್ಕೆ 43, ಮೂರಕ್ಕೆ 286! ಡ್ರಮ್ ಎಷ್ಟು ದಪ್ಪ ಎಂಬುದು ಲೆಕ್ಕಕ್ಕೇ ಬರುವುದಿಲ್ಲ ಎಂದು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ನೆಲದ ಮೇಲಾದರೆ ತುದಿ ಬಿಟ್ಟ ತಕ್ಷಣ ಬಡ್ಡಿ ಚುಕ್ತಾ, ಹಗ್ಗ ಜಾರುತ್ತದೆ. ಬಾರ್ಜು ಹಾಗಲ್ಲ. ಅಲೆ ಇಳಿದಾಗ ಹಗ್ಗ ಸಡಿಲ, ಏರಿದಾಗ ಜಗ್ಗನೆ ಬಿಗಿ. ಆ ಸಡಿಲದಲ್ಲಿ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿ ಕೂತರೆ ತುದಿ ಬಿಟ್ಟರೂ ಡ್ರಮ್ ಎಳೆಯುತ್ತಲೇ ಇರುತ್ತದೆ. ಅದನ್ನು ಬಿಡಿಸಲು ಕೈ ಹಾಕಿದ್ದೇ ಇವರ ತಪ್ಪು, ಗ್ಲೌಸ್ ಬೇರೆ ಸಿಕ್ಕಿಕೊಂಡಿತು.

ಹಗ್ಗ ನಿಮಿಷಕ್ಕೆ 30 ಮೀಟರ್ ಓಡುತ್ತಿದೆ ಅನ್ನಿ, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ಕಂಡದ್ದಕ್ಕೆ ಕೈ ಸ್ಪಂದಿಸಲು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ 12.5 ಸೆಂಟಿಮೀಟರ್ ಹಗ್ಗ ಒಳಗೆ ಹೋಗಿರುತ್ತದೆ. ತೋರುಬೆರಳಿನ ಉದ್ದ ಏಳೆಂಟು. "ಅಯ್ಯೋ" ಅನ್ನುವ ಹೊತ್ತಿಗೆ ಹಗ್ಗ ಅಂಗೈಗೆ ಬಂದಿರುತ್ತದೆ.

ಇದನ್ನೆಲ್ಲ ಬೀಡಿ ಪ್ಯಾಕಿನ ಮೇಲೆ ಬರೆದು ತೋರಿಸಿದೆ. ಅವರು ಉಳಿದ ಮೂರು ಬೆರಳಲ್ಲಿ ಅದನ್ನು ಹಿಡಿದು ಬಹಳ ಹೊತ್ತು ನೋಡಿದರು. ಹೊರಡುವಾಗ ಗಮನಿಸಿದೆ, ನಿಂಬೆಹಣ್ಣಿನ ದಾರ ಎಮರ್ಜೆನ್ಸಿ ಸ್ಟಾಪಿನ ಕೆಂಪು ಗುಂಡಿಗೇ ಸುತ್ತಿತ್ತು. ಬಿಚ್ಚಿ ಅಂದೆ. ಬಿಚ್ಚಿ, ಕಣ್ಣಿಗೊತ್ತಿಕೊಂಡು, ಗೋಡೆಯ ಮೊಳೆಗೆ ಹಾಕಿದರು.