‘ಇರಬಹುದು’ ಎನ್ನುವ ಯಂತ್ರ

ಕಣ್ಣು ಕಾಣದವರು ಮೊಬೈಲ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಪರದೆಯ ಮೇಲಿನ ಅಕ್ಷರಗಳನ್ನೆಲ್ಲ ಅದು ಓದಿ ಹೇಳುತ್ತದೆ. ಚಿತ್ರ ಎದುರಾದಾಗ, ಅದರ ಜೊತೆ ಯಾರಾದರೂ ವಿವರಣೆ ಬರೆದಿಟ್ಟಿದ್ದರೆ ಅದನ್ನು ಓದುತ್ತದೆ, ಇಲ್ಲದಿದ್ದರೆ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ಇಂಥ ವಿವರಣೆ ಸೇರಿಸುವ ಸೌಲಭ್ಯ ಜಾಲಪುಟಗಳನ್ನು ರೂಪಿಸುವ ಭಾಷೆಯ 1995ರ ಆವೃತ್ತಿಯಾದ ಎಚ್‌ಟಿಎಂಎಲ್ 2.0ರಲ್ಲಿಯೇ ಇತ್ತು. ಬರೆಯುವ ತಾಳ್ಮೆ ಮಾತ್ರ ಬಹಳ ಜನರಿಗೆ ಇರಲಿಲ್ಲ.

ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದ ದೊಡ್ಡ ಪ್ರಯತ್ನಗಳಲ್ಲೊಂದು 2016ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಆರಂಭಿಸಿದ್ದು. ಸ್ವತಃ ದೃಷ್ಟಿಹೀನರಾದ ಎಂಜಿನಿಯರ್ ಮ್ಯಾಟ್ ಕಿಂಗ್ ಆ ತಂಡದಲ್ಲಿದ್ದರು. ಅಸಂಖ್ಯ ಚಿತ್ರಗಳನ್ನು ನೋಡಿ ಕಲಿತ, ಮಿದುಳಿನ ನರಜಾಲದ ಮಾದರಿಯ ತಂತ್ರಾಂಶವಾದ ನ್ಯೂರಲ್ ನೆಟ್‌ವರ್ಕ್ ಮೊದಲು ಗೆರೆ, ಅಂಚು, ಬಣ್ಣಗಳನ್ನು ಗುರುತಿಸಿ, ಅವುಗಳನ್ನು ಜೋಡಿಸುತ್ತ ಮರ, ಮುಖ, ಪಿಜ್ಜಾಗಳತ್ತ ಸಾಗುತ್ತದೆ. ಆದರೆ ಅದು ಯಾವುದನ್ನೂ ಖಚಿತವಾಗಿ ‘ಕಾಣುವುದಿಲ್ಲ’. ಪ್ರತಿ ವಸ್ತುವಿಗೂ ಒಂದು ಸಂಭವನೀಯತೆಯನ್ನಷ್ಟೇ ಕೊಡುತ್ತದೆ. ಆದ್ದರಿಂದಲೇ ಆ ವಿವರಣೆ ‘ಈ ಚಿತ್ರದಲ್ಲಿ ಇರಬಹುದಾದದ್ದು: ಮೂವರು, ನಗು, ಹೊರಾಂಗಣ’ ಎಂಬ ಧಾಟಿಯಲ್ಲಿತ್ತು. ಆರಂಭದಲ್ಲಿ ಸುಮಾರು 100 ವಸ್ತುಗಳನ್ನು ಗುರುತಿಸುತ್ತಿದ್ದ ವ್ಯವಸ್ಥೆ 2021ರ ಹೊತ್ತಿಗೆ 1,200ಕ್ಕೂ ಹೆಚ್ಚು ವಸ್ತುಗಳನ್ನು ಹೆಸರಿಸುವಷ್ಟು ಬೆಳೆಯಿತು.

ನನ್ನ ಮಟ್ಟಿಗೆ ಈ ಸಂಖ್ಯೆಗಿಂತ ಆ ‘ಇರಬಹುದು’ ಮುಖ್ಯ. ಮೈಕ್ರೋಸಾಫ್ಟ್ ರಿಸರ್ಚ್‌ನವರೂ ಸೇರಿದ್ದ ತಂಡವೊಂದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರದ ವಿವರಣೆ ಪೋಸ್ಟ್‌ನ ಬರಹಕ್ಕೆ ಹೊಂದದಿದ್ದಾಗಲೂ ದೃಷ್ಟಿಹೀನರು ಅದನ್ನು ಸಂಶಯಿಸುವ ಬದಲು ಎರಡಕ್ಕೂ ಸಂಬಂಧ ಕಲ್ಪಿಸಿಕೊಳ್ಳುತ್ತಿದ್ದುದು ಕಂಡುಬಂತು. ವಿವರಣೆ ತಪ್ಪಾಗಿರುವ ಸಾಧ್ಯತೆಯನ್ನು ಒತ್ತಿ ಹೇಳಿದಾಗ ಮಾತ್ರ ಅವರು ಎಚ್ಚರ ವಹಿಸುತ್ತಿದ್ದರು. ಪರೀಕ್ಷಿಸಿ ನೋಡಲು ಬೇರೆ ದಾರಿ ಇಲ್ಲದವರಿಗೆ ಯಂತ್ರದ ನಿರರ್ಗಳ ಮಾತು ಮೌನಕ್ಕಿಂತ ಅಪಾಯಕಾರಿಯಾಗಬಲ್ಲದು. ಚಾಟ್‌ಜಿಪಿಟಿಯಂಥ ಇಂದಿನ ಭಾಷಾ ಮಾದರಿಗಳು ಚಿತ್ರವನ್ನು ಪುಟಗಟ್ಟಲೆ ವರ್ಣಿಸುತ್ತವೆ, ಪ್ರಶ್ನೆಗೂ ಉತ್ತರಿಸುತ್ತವೆ. ಆದರೆ ಅಳುಕು ಅವುಗಳ ಸ್ವಭಾವದಲ್ಲಿಲ್ಲ.

ಕನ್ನಡಿಗರ ಕಷ್ಟ ಇನ್ನೂ ಸ್ವಲ್ಪ ಬೇರೆ. ನಮ್ಮ ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆಯಿಂದ ಸಾವಿನ ಸುದ್ದಿಯವರೆಗೆ ಎಷ್ಟೋ ಬರಹ ಚಿತ್ರರೂಪದಲ್ಲೇ ಓಡಾಡುತ್ತದೆ. ಅಂಥ ಚಿತ್ರದಿಂದ ಅಕ್ಷರಗಳನ್ನು ಬಿಡಿಸಿ ಓದುವ ತಂತ್ರಜ್ಞಾನಕ್ಕೆ ಒತ್ತಕ್ಷರಗಳು ತೊಡಕು: ‘ಕತ್ತೆ’ಯ ಅಡಿಯ ಪುಟ್ಟ ಒತ್ತು ಕಣ್ತಪ್ಪಿದರೆ ಅದು ‘ಕತೆ’. ಬಳ್ಳಿ ಸುತ್ತಿದ ಅಲಂಕಾರಿಕ ಲಿಪಿಯಾದರಂತೂ ಯಂತ್ರ ‘ಬರಹವಿರುವ ಚಿತ್ರ ಇರಬಹುದು’ ಎಂದು ಹೇಳಿ ಕೈಚೆಲ್ಲಬಹುದು. ಮುಹೂರ್ತ ಎಷ್ಟು ಗಂಟೆಗೆಂದು ತಿಳಿಯಲು ಫೋನ್ ಮಾಡಿಯೇ ಕೇಳಬೇಕು.